ಬೇಸ್ ಬಡಿದರೆ ಹೆಡ್‌ಲೈಟ್ ಮಿಣುಕುತ್ತದೆ: ಹಳೆ ಸುಮೋಗೆ ದೊಡ್ಡ ಆಲ್ಟರ್ನೇಟರ್ ಹಾಕಿಸಬೇಕಾ?

ಸುಮೋಸವಾರ, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ಗಾಡಿ 2006ರ ಟಾಟಾ ಸುಮೋ ವಿಕ್ಟಾ. ಡೀಸೆಲ್, ಎಸಿ ಇದೆ. ಅಪ್ಪ ತಗೊಂಡ ಗಾಡಿ, ಮಾರಲು ಮನಸ್ಸು ಬರಲಿಲ್ಲ, ಈಗ ನಾನೇ ಓಡಿಸುತ್ತಿದ್ದೇನೆ. ಹೋದ ತಿಂಗಳು ಹಿಂದಿನ ಎದುರುಬದುರು ಸೀಟು ಎರಡನ್ನೂ ಬಿಚ್ಚಿ, ಅಲ್ಲಿ 12 ಇಂಚಿನ ಎರಡು ಸಬ್‌ವೂಫರ್ ಇರುವ ಪೆಟ್ಟಿಗೆ ಕೂರಿಸಿದೆ. ಅದಕ್ಕೆ 1000 ವಾಟ್ ಆರ್‌ಎಂಎಸ್‌ನ ಮೊನೊ ಆಂಪ್ಲಿ (ಆರ್‌ಎಂಎಸ್ ಅಂದರೆ ಬಿಡದೆ ಕೊಡಬಲ್ಲ ಪವರ್), ಕ್ಲಾಸ್ ಡಿ, ಅಂದರೆ ಕರೆಂಟ್ ಕಡಿಮೆ ಪೋಲು ಮಾಡುವ ಬಗೆ. ಬಾಗಿಲಿನ ಸ್ಪೀಕರ್‌ಗಳಿಗೆ ಇನ್ನೊಂದು 4 ಚಾನೆಲ್ ಆಂಪ್ಲಿ, ಚಾನೆಲ್‌ಗೆ 60 ವಾಟ್.

ಹಗಲು ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಎದೆ ಗುದ್ದುವ ಹಾಗೆ ಕೇಳುತ್ತದೆ. ರಾತ್ರಿ ಎಸಿ ಹಾಕಿಕೊಂಡು ಎಲ್ಲಾದರೂ ನಿಂತರೆ ಶುರು. ಬೇಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. ಮೊನ್ನೆ ಎದುರಿಗೆ ನಿಂತಿದ್ದ ಲಾರಿಯವನು ನಾನು ಡಿಪ್ಪರ್ ಹೊಡೆಯುತ್ತಿದ್ದೇನೆ ಅಂದುಕೊಂಡು ವಾಪಸ್ ಹೊಡೆದ, ನಾನು ಸುಮ್ನೆ ಕೂತಿದ್ದೆ, ಅವನು ಮತ್ತೆ ಹೊಡೆದ! ಹತ್ತು ನಿಮಿಷ ಜೋರಾಗಿ ಇಟ್ಟರೆ ಮೊನೊ ಆಂಪ್ಲಿಯ ಕೆಂಪು ಲೈಟ್ ಹತ್ತಿ ಅದೇ ಬಂದ್ ಆಗಿಬಿಡುತ್ತದೆ.

ಫಿಟ್ಟಿಂಗ್ ಮಾಡಿದ ಅಂಗಡಿಯವರು ಮೊದಲು 1 ಫ್ಯಾರಡ್ ಕೆಪಾಸಿಟರ್ (ಕರೆಂಟ್ ಕೂಡಿಟ್ಟು ತಟ್ಟನೆ ಕೊಡುವ ಡಬ್ಬಿ) ಹಾಕಿಸಿದರು. ನೀಲಿ ಅಕ್ಷರದಲ್ಲಿ ವೋಲ್ಟ್ ತೋರಿಸುತ್ತದೆ, ನೋಡಲು ಚಂದ. ಆದರೆ ಲೈಟ್ ಮಿಣುಕುವುದು ನಿಲ್ಲಲಿಲ್ಲ. ಈಗ ಅವರೇ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) ಬಿಚ್ಚಿ ಕೊಡು, ರೀವೈಂಡಿಂಗ್ ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸಿ 120 ಆಂಪಿಯರ್ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಸ್ನೇಹಿತ ಒಬ್ಬ ಬೆಂಗಳೂರಿಗೆ ಹೋಗಿ ಗುಜರಿಯಲ್ಲಿ ದೊಡ್ಡ ಕಾರಿನ ಆಲ್ಟರ್ನೇಟರ್ ತಂದು ಕ್ಲಾಂಪ್ ವೆಲ್ಡ್ ಮಾಡಿಸಿ ಕೂರಿಸು ಅಂತಾನೆ. ನನ್ನದರ ಮೇಲಿನ ಸ್ಟಿಕರ್ ಉಜ್ಜಿಹೋಗಿದೆ. 12 ವೋಲ್ಟ್ ಅನ್ನುವುದು ಬಿಟ್ಟರೆ ಏನೂ ಓದಲು ಆಗುವುದಿಲ್ಲ. ಯಾವ ದಾರಿ ಒಳ್ಳೆಯದು? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ. ಹಬ್ಬದ ಮುಂಚೆ ಮುಗಿಸಬೇಕು ಅಂತ ಆಸೆ.

ಲೆಕ್ಕದ ಮೇಷ್ಟ್ರು, ಮೈಸೂರು

ಆಲ್ಟರ್ನೇಟರ್ ಬಿಚ್ಚುವ ಮೊದಲು ಒಂದು ಕಾಗದ ಪೆನ್ನು ತಗೊಳ್ಳಿ.

1000 ವಾಟ್ ಹೊರಗೆ ಬರಬೇಕಾದರೆ ಒಳಗೆ ಅದಕ್ಕಿಂತ ಜಾಸ್ತಿ ಹೋಗಬೇಕು. ಕ್ಲಾಸ್ ಡಿ ಆಂಪ್ಲಿ ನೂರಕ್ಕೆ 80ರಷ್ಟನ್ನು ಸ್ಪೀಕರ್‌ಗೆ ಕೊಡುತ್ತದೆ ಅಂತ ಇಟ್ಟುಕೊಂಡರೆ 1250 ವಾಟ್ ಬೇಕು. 13.8 ವೋಲ್ಟ್‌ನಲ್ಲಿ ಅದು 90 ಆಂಪಿಯರ್. ಡಬ್ಬದ ಮೇಲಿನ ವಾಟ್ ನಂಬಬೇಡಿ, ಆಂಪ್ಲಿಯ ಪಕ್ಕದಲ್ಲಿ ಚುಚ್ಚಿರುವ ಫ್ಯೂಸ್ ನೋಡಿ. 30ರ ಮೂರು ಫ್ಯೂಸ್ ಇದ್ದರೆ ನಿಮ್ಮದು ನಿಜವಾಗಿ 1000 ವಾಟ್‌ನದ್ದು ಇರಬಹುದು. 25ರದ್ದು ಒಂದೇ ಇದ್ದು ಡಬ್ಬದ ಮೇಲೆ 3000 ವಾಟ್ ಅಂತ ಬರೆದಿದ್ದರೆ ಅದು ಡಬ್ಬಕ್ಕೆ ಸೇರಿದ ವಿಷಯ, ಆಂಪ್ಲಿಗೆ ಸೇರಿದ್ದಲ್ಲ.

ಇನ್ನೊಂದು ಆಂಪ್ಲಿ ಕ್ಲಾಸ್ ಎಬಿ ಇರಬೇಕು, ಅದು ಕರೆಂಟ್ ಜಾಸ್ತಿ ಪೋಲು ಮಾಡುವ ಬಗೆ. 240 ವಾಟ್ ಕೊಡಲು ಸುಮಾರು 400 ವಾಟ್ ತಿನ್ನುತ್ತದೆ, ಅಂದರೆ 29 ಆಂಪಿಯರ್. ಗಾಡಿಯದ್ದೇ ಖರ್ಚು ಬೇರೆ: ಹೆಡ್‌ಲೈಟ್ ಎರಡಕ್ಕೂ ಸೇರಿ 8–9, ಎಸಿ ಬ್ಲೋವರ್ ಜೋರಾಗಿ ಇಟ್ಟರೆ 15ರ ಹತ್ತಿರ, ಕಂಪ್ರೆಸರ್ ಕ್ಲಚ್ಚಿಗೆ 4, ಮಳೆ ಬಂದರೆ ವೈಪರ್. 35 ಅಂತ ಹಿಡಿಯಿರಿ. ಎಲ್ಲ ಕೂಡಿಸಿದರೆ 150 ದಾಟುತ್ತದೆ.

ಗಾಬರಿ ಬೇಡ. ಹಾಡು ಅಂದರೆ ಒಂದೇ ಸಮ ಕೂಗುವ ಸೈರನ್ ಅಲ್ಲ. ಡೋಲು ಬಿದ್ದಾಗ ಎಳೆಯುತ್ತದೆ, ಮಧ್ಯೆ ಬಿಡುತ್ತದೆ. ಬೇಸ್ ಜಾಸ್ತಿ ಇರುವ ಹಾಡನ್ನೇ ಜೋರಾಗಿ ಹಾಕಿದರೂ ಸರಾಸರಿ ಮೂರನೇ ಒಂದು ಪಾಲು ಅಂತ ಇಟ್ಟುಕೊಳ್ಳಬಹುದು. ಅಂದರೆ ಆಂಪ್ಲಿಗಳಿಗೆ 40, ಗಾಡಿಗೆ 35, ಒಟ್ಟು 75. ಓಡುವಾಗ ಸಾಧಾರಣ ಆಲ್ಟರ್ನೇಟರ್ ಇದನ್ನು ಹೇಗೋ ತೂಗಿಸುತ್ತದೆ. ನಿಂತಾಗ ಆಗುವುದಿಲ್ಲ. ಏಕೆಂದರೆ ಆಲ್ಟರ್ನೇಟರ್ ಮೇಲೆ ಬರೆಯುವ ಆಂಪಿಯರ್ ಅದು 6000 ಆರ್‌ಪಿಎಂನಲ್ಲಿ ತಿರುಗುವಾಗಿನ ಲೆಕ್ಕ. ನಿಮ್ಮ ಎಂಜಿನ್ 750ರಲ್ಲಿ ಐಡಲ್ (ಆಕ್ಸಿಲರೇಟರ್ ಒತ್ತದೆ ಓಡುವುದು) ಇದ್ದರೆ, ಪುಲ್ಲಿ ಎರಡೂವರೆ ಪಟ್ಟು ಓಡಿಸುತ್ತದೆ ಅಂದರೂ ಆಲ್ಟರ್ನೇಟರ್ 1900 ಮುಟ್ಟುವುದಿಲ್ಲ. ಅಲ್ಲಿ ಅರ್ಧ ಬಂದರೆ ಪುಣ್ಯ. ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ. 35 ಆಂಪಿಯರ್ ಕೊರತೆ ಬಿದ್ದರೆ 70 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಒಂದೇ ಗಂಟೆಯಲ್ಲಿ ಅರ್ಧ ಖಾಲಿ.

ಕೆಪಾಸಿಟರ್ ಬಗ್ಗೆ: 14.4 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ 1 ಫ್ಯಾರಡ್ ಕೊಡುವುದು ಸುಮಾರು 32 ಜೂಲ್. ನಿಮ್ಮ ಆಂಪ್ಲಿ ಸೆಕೆಂಡಿಗೆ 1250 ಜೂಲ್ ತಿನ್ನುವಂಥದ್ದು. ಅಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗ. ಕಣ್ಣು ಮಿಟುಕಿಸಲೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದರೆ ಅದರ ನೀಲಿ ಡಿಸ್‌ಪ್ಲೇ ಕೆಲಸದ್ದು, ಬಿಸಾಡಬೇಡಿ. ಬೇಸ್ ಬಡಿಯುವಾಗ ಅದು ಎಷ್ಟಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ ಎಷ್ಟು ತೋರಿಸುತ್ತದೆ, ಎರಡನ್ನೂ ಬರೆದು ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಬೇಸ್‌ಹುಚ್ಚ, ತುಮಕೂರು

ಗುರು, ರೀವೈಂಡಿಂಗ್ ಮಾತ್ರ ಬೇಡ. ನಾನು ಮಾಡಿಸಿ ಅನುಭವಿಸಿದ್ದೇನೆ. ಊರು, ಅಂಗಡಿ ಹೇಳುವುದಿಲ್ಲ.

ನನ್ನ ಹಳೆ ಹ್ಯಾಚ್‌ಬ್ಯಾಕಿನ ಆಲ್ಟರ್ನೇಟರ್ ಕೊಟ್ಟಿದ್ದೆ. ವಾಪಸ್ ಬಂದಾಗ ಅವರ ಟೆಸ್ಟ್ ಬೆಂಚ್ ಮೇಲೆ ಕೂರಿಸಿ ತಿರುಗಿಸಿ ತೋರಿಸಿದರು, ಮುಳ್ಳು 110 ದಾಟಿತು, ನಾನು ಖುಷಿಯಲ್ಲಿ ಅವರಿಗೂ ಟೀ ಕೊಡಿಸಿದೆ. ಗಾಡಿಗೆ ಹಾಕಿದ ಮೇಲೆ ನೋಡಿದರೆ ಐಡಲ್‌ನಲ್ಲಿ ಮೊದಲಿಗಿಂತ ಕಡೆ! ಡ್ಯಾಶ್‌ನಲ್ಲಿ ಬ್ಯಾಟರಿ ಲೈಟ್ ಸಣ್ಣಗೆ ಉರಿಯುತ್ತಿತ್ತು. ಆಮೇಲೆ ಗೊತ್ತಾಯಿತು ಕಾರಣ. ಅದೇ ಸ್ಟೇಟರ್‌ನ (ತಂತಿ ಸುತ್ತಿರುವ, ತಿರುಗದ ಭಾಗ) ತೋಡಿನಲ್ಲಿ ದಪ್ಪ ತಂತಿ ತುಂಬಬೇಕು ಅಂದರೆ ಸುತ್ತು ಕಡಿಮೆ ಮಾಡಬೇಕು. ಸುತ್ತು ಕಡಿಮೆಯಾದರೆ ಜೋರಾಗಿ ತಿರುಗಿದಾಗ ಕರೆಂಟ್ ಜಾಸ್ತಿ ಬರುತ್ತದೆ ನಿಜ, ಆದರೆ ಮೆಲ್ಲಗೆ ತಿರುಗುವಾಗ 14 ವೋಲ್ಟ್ ಕಟ್ಟುವುದಕ್ಕೇ ಆಗುವುದಿಲ್ಲ. ನನಗೆ ಬೇಕಾಗಿದ್ದು ಐಡಲ್‌ನಲ್ಲಿ, ಸಿಕ್ಕಿದ್ದು ಹೈವೇಯಲ್ಲಿ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ತಂತಿ ಬದಲಿಸಿದ್ದರು, ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಡಯೋಡ್‌ಗಳ ಪ್ಲೇಟ್ ಹಳೆಯದೇ ಬಿಟ್ಟಿದ್ದರು. ಕರೆಂಟ್ ಜಾಸ್ತಿ ಹೋದರೆ ಆ ಆರು ಡಯೋಡೇ ತಾನೇ ಸುಡುವುದು? ಮೂರನೇ ವಾರ ಶಿರಾ ದಾಟಿದ ಮೇಲೆ ಹಾಡಿನಲ್ಲಿ ಒಂದು ಕುಂಯ್ ಅನ್ನುವ ಸದ್ದು ಶುರುವಾಯಿತು, ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಒಂದು ಡಯೋಡ್ ಹೋಗಿತ್ತು. ರಾತ್ರಿ ಹೆಡ್‌ಲೈಟ್ ಇಲ್ಲದೆ ಢಾಬಾ ತನಕ ಪಾರ್ಕಿಂಗ್ ಲೈಟ್‌ನಲ್ಲಿ ಹೋದೆ. ಹಾಡು ಅವತ್ತು ಹಾಕಲಿಲ್ಲ, ಕೇಳಬೇಡಿ.

ಕಟೌಟ್ ಕಾಕಾ, ಹುಬ್ಬಳ್ಳಿ

ತಮ್ಮಾ, ಮೇಷ್ಟ್ರು ಹೇಳಿದ್ದು ಬರೋಬ್ಬರಿ ಇದೆ, ತುಮಕೂರಿನವರು ಹೇಳಿದ್ದೂ ಬರೋಬ್ಬರಿ. ಆದರೆ ಇಬ್ಬರೂ ಸುಮೋದ ಆಲ್ಟರ್ನೇಟರ್ ಕೈಯಲ್ಲಿ ಹಿಡಿದು ನೋಡಿದಂಗೆ ಕಾಣುವುದಿಲ್ಲ. ನಾನು ಮೂವತ್ತು ವರ್ಷದಿಂದ ಆಟೊ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಕೆಲಸ ಮಾಡು. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಆಲ್ಟರ್ನೇಟರ್‌ನ ಬೆನ್ನ ಕಡೆ ನೋಡು. ಪುಲ್ಲಿ ಕಡೆ ಅಲ್ಲ, ಹಿಂದೆ. ಅಲ್ಲಿ ಒಂದು ಅಲ್ಯೂಮಿನಿಯಂ ಗಡ್ಡೆ ಅಂಟಿಕೊಂಡಿದ್ದು, ಅದಕ್ಕೆ ಎರಡು ಸಣ್ಣ ಆಯಿಲ್ ಪೈಪು, ಒಂದು ದಪ್ಪ ರಬ್ಬರ್ ಪೈಪು ಬಂದಿದೆಯಾ?

ಅದು ವ್ಯಾಕ್ಯೂಮ್ ಪಂಪ್. ಪೆಟ್ರೋಲ್ ಗಾಡಿಯಲ್ಲಿ, ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ಎಳೆತ ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನಿಂದಲೇ ಸಿಗುತ್ತದೆ. ಹಳೆ ಡೀಸೆಲ್‌ನಲ್ಲಿ ಆ ಗಾಳಿ ತಡೆಯುವ ಥ್ರಾಟಲ್ ಮುಚ್ಚುವುದೇ ಇಲ್ಲ, ಹಾಗಾಗಿ ಅಲ್ಲಿ ಎಳೆತ ಇಲ್ಲ. ಅದಕ್ಕೆ ಸುಮೋ, ಇಂಡಿಕಾದಂಥ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ ಶಾಫ್ಟಿನ ಹಿಂದಿನ ತುದಿಗೇ ಪಂಪ್ ಕೂರಿಸಿ ಬಿಟ್ಟರು. ಎಂಜಿನ್ ಆಯಿಲ್ ಒಳಗೆ ಹೋಗಿ, ಪಂಪಿನ ರೆಕ್ಕೆಗಳನ್ನು ನೆನೆಸಿ, ವಾಪಸ್ ಎಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ನೀನು ಗುಜರಿಯಿಂದ ಪೆಟ್ರೋಲ್ ಕಾರಿನ 120 ಆಂಪಿಯರ್‌ನದ್ದು ತಂದು ವೆಲ್ಡ್ ಮಾಡಿ ಕೂರಿಸಿದೆ ಅನ್ನು, ಹಾಡು ಜೋರಾಗಿ ಬರುತ್ತದೆ, ಬ್ರೇಕ್ ಬರುವುದಿಲ್ಲ.

ಕಥೆ ಹೇಳುತ್ತಿಲ್ಲ. ಒಬ್ಬರು ನಮ್ಮ ಅಂಗಡಿಗೆ ಎಪಿಎಂಸಿ ಕಡೆಯಿಂದ ಫಸ್ಟ್ ಗೇರಿನಲ್ಲೇ ಬಂದರು. ಯಾರೋ ಪಂಪ್ ಇಲ್ಲದ ಆಲ್ಟರ್ನೇಟರ್ ಹಾಕಿ, ಬೂಸ್ಟರ್‌ನ ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದರು. ಪೆಡಲ್ ಒತ್ತಿದರೆ ಕಲ್ಲು. ಎರಡೂ ಕಾಲು ಇಟ್ಟು ಒತ್ತಿದರೆ ಸ್ವಲ್ಪ ಹಿಡಿಯುತ್ತಿತ್ತು. ಆ ಬೋಲ್ಟ್ ಇನ್ನೂ ನನ್ನ ಡ್ರಾವರ್‌ನಲ್ಲಿದೆ.

ನಿನ್ನ ಪಂಪ್ ಈಗ ಸರಿ ಇದೆಯಾ ಅಂತಾನೂ ನೋಡಿಬಿಡು. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ನಾಲ್ಕೈದು ಸಲ ಒತ್ತು, ಗಟ್ಟಿಯಾಗುತ್ತದೆ. ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡು. ಪೆಡಲ್ ತಾನಾಗಿ ಒಂದಿಷ್ಟು ಕೆಳಗೆ ಹೋಗಬೇಕು. ಹೋಗದಿದ್ದರೆ ಹಾಡಿನ ಮಾತೇ ಬೇಡ.

ಇನ್ನೊಂದು, ಆಂಪ್ಲಿಯ ಅರ್ಥ್, ಅಂದರೆ ಮೈನಸ್ ವೈರ್, ಎಲ್ಲಿ ಕೊಟ್ಟಿದ್ದಾರೆ?

ಸುಮೋಸವಾರ

ಕಾಕಾ, ಪಂಪ್ ಇದೆ! ಆಯಿಲ್ ಪೈಪ್ ಎರಡು, ರಬ್ಬರ್ ಪೈಪ್ ಒಂದು, ನೀವು ಹೇಳಿದ ಹಾಗೆಯೇ. ಇಷ್ಟು ವರ್ಷ ಅದು ಆಲ್ಟರ್ನೇಟರ್‌ನ ಕೂಲಿಂಗ್‌ಗೆ ಇರುವುದು ಅಂದುಕೊಂಡಿದ್ದೆ. ಪೆಡಲ್ ಟೆಸ್ಟ್ ಮಾಡಿದೆ, ಕೆಳಗೆ ಹೋಗುತ್ತದೆ. ಗುಜರಿ ಐಡಿಯಾ ಕೊಟ್ಟ ಸ್ನೇಹಿತನಿಗೆ ನಿಮ್ಮ ಬರಹ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ.

ಫ್ಯೂಸ್ ನೋಡಿದೆ, 30ರದ್ದು ಮೂರು ಇದೆ. ವೋಲ್ಟ್ ಲೆಕ್ಕ ಇಲ್ಲಿದೆ. ತಮ್ಮನನ್ನು ಮೀಟರ್ ಹಿಡಿದು ಬಾನೆಟ್ ಹತ್ತಿರ ನಿಲ್ಲಿಸಿ, ಫೋನಿನಲ್ಲಿ ಮಾತಾಡಿಕೊಂಡು ನೋಡಿದ್ದು. ಐಡಲ್, ಎಸಿ ಆಫ್, ಲೈಟ್ ಆಫ್, ಹಾಡು ಜೋರು: ಬ್ಯಾಟರಿ ಮೇಲೆ 13.1, ಕೆಪಾಸಿಟರ್‌ನಲ್ಲಿ 11.4. ಎಸಿ ಮತ್ತು ಹೆಡ್‌ಲೈಟ್ ಹಾಕಿದರೆ ಬ್ಯಾಟರಿಯೇ 12.2ಕ್ಕೆ ಬರುತ್ತದೆ, ಹಿಂದೆ 10.7 ತೋರಿಸಿ ಆಂಪ್ಲಿ ಬಂದ್. ಆಕ್ಸಿಲರೇಟರ್ ಒತ್ತಿ 1500 ಹತ್ತಿರ ಹಿಡಿದರೆ ಎಲ್ಲ ಆನ್ ಇದ್ದರೂ ಬ್ಯಾಟರಿ 13.6.

ಅರ್ಥ್ ಹಿಂದಿನ ಸೀಟಿನ ಬೋಲ್ಟಿಗೆ ಕೊಟ್ಟಿದ್ದಾರೆ. ಬಿಚ್ಚಿ ನೋಡಿದೆ, ಕೆಳಗೆ ಪೇಂಟ್ ಹಾಗೇ ಇದೆ, ವೈರ್ ತುದಿಯ ಲಗ್ (ಬೋಲ್ಟಿಗೆ ಹಾಕುವ ಬಳೆ) ಅಂಚಿನಲ್ಲಿ ಮಾತ್ರ ಸ್ವಲ್ಪ ತಾಗಿದೆ. ಪ್ಲಸ್ ವೈರ್ 4 ಗೇಜ್ ಅಂತ ಬರೆದಿದೆ. ಸ್ವಲ್ಪ ಕೆರೆದು ನೋಡಿದರೆ ಒಳಗೆ ಬೆಳ್ಳಗಿದೆ, ತಾಮ್ರದ ಬಣ್ಣ ಮೇಲೆ ಮಾತ್ರ.

ಲೆಕ್ಕದ ಮೇಷ್ಟ್ರು, ಮೈಸೂರು

ಸಿಕ್ಕಿತಲ್ಲ! 13.1ರಿಂದ 11.4 ಕಳೆದರೆ 1.7 ವೋಲ್ಟ್. ಅದು ದಾರಿಯಲ್ಲೇ ಸೋರಿಹೋಗುತ್ತಿದೆ. 200 ಆಂಪಿಯರ್‌ನ ಆಲ್ಟರ್ನೇಟರ್ ಹಾಕಿಸಿದರೂ ಆ ಸೋರಿಕೆ ಹಾಗೇ ಇರುತ್ತದೆ. ಕಾಲುವೆ ಒಡೆದಿದೆ, ನೀವು ಬಾವಿ ಆಳ ಮಾಡಿಸಲು ಹೊರಟಿದ್ದಿರಿ.

ಬೆಳ್ಳಗಿರುವುದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅದೇ ದಪ್ಪದ ಶುದ್ಧ ತಾಮ್ರಕ್ಕೆ ಹೋಲಿಸಿದರೆ ಸುಮಾರು 1.6 ಪಟ್ಟು ಅಡ್ಡಿ. 4 ಗೇಜ್ ಅಂದರೆ 21 ಚದರ ಮಿಲಿಮೀಟರ್. 5 ಮೀಟರ್ ಉದ್ದಕ್ಕೆ 90 ಆಂಪಿಯರ್ ಹರಿದರೆ ಶುದ್ಧ ತಾಮ್ರದಲ್ಲಿ 0.37 ವೋಲ್ಟ್ ಹೋಗುತ್ತದೆ, ನಿಮ್ಮದರಲ್ಲಿ 0.6. ಹಾಗಾದರೆ ಉಳಿದ 1.1 ವೋಲ್ಟ್ ಎಲ್ಲಿ? ಅರ್ಥ್ ಕಡೆ. ಇದನ್ನು ನೇರವಾಗಿ ಅಳೆಯಬಹುದು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಉದ್ದ ವೈರ್ ಕಟ್ಟಿ ಆಂಪ್ಲಿಯ ಮೈನಸ್ ಮೇಲೆ. ಹಾಡು ಹಾಕಿ. ತೋರಿಸುವ ಸಂಖ್ಯೆಯೇ ಅರ್ಥ್‌ನ ನಷ್ಟ.

ಕಟೌಟ್ ಕಾಕಾ, ಹುಬ್ಬಳ್ಳಿ

ಪೇಂಟ್ ಒಂದೇ ಅಲ್ಲ ತಮ್ಮಾ. ಸುಮೋ ಚಾಸಿ ಗಾಡಿ. ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬಾಡಿ ಕೂರಿಸಿರುತ್ತಾರೆ. ನೀನು ಸೀಟಿನ ಬೋಲ್ಟಿಗೆ ಕೊಟ್ಟರೆ ಅದು ಬಾಡಿ ತಗಡು. ಬಾಡಿಯಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಬರಲು ಇರುವುದು ಒಂದು ಸಣ್ಣ ಅರ್ಥ್ ಪಟ್ಟಿ, ಅದೂ ಹದಿನೈದಿಪ್ಪತ್ತು ವರ್ಷದ್ದು, ಹಸಿರುಗಟ್ಟಿರುತ್ತದೆ. ಡೋಮ್ ಲೈಟ್, ವೈಪರ್‌ಗೆ ಅಂತ ಕೊಟ್ಟಿದ್ದು ಅದು, 90 ಆಂಪಿಯರ್‌ಗೆ ಅಲ್ಲ. ಸಣ್ಣ ಕಾರುಗಳಲ್ಲಿ ಬಾಡಿಯೇ ಚಾಸಿ, ಅಲ್ಲಿ ಪೇಂಟ್ ಕೆರೆದರೆ ನಡೆಯುತ್ತದೆ. ಫಿಟ್ಟಿಂಗ್ ಹುಡುಗರು ಅದೇ ರೂಢಿಯಲ್ಲಿ ಎಲ್ಲ ಗಾಡಿಗೂ ಹಾಗೇ ಮಾಡುತ್ತಾರೆ.

ಹೀಗೆ ಮಾಡು. ಹಿಂದಿನಿಂದ ಮೈನಸ್‌ಗೂ ಒಂದು ದಪ್ಪ ತಾಮ್ರದ ವೈರ್ ನೇರವಾಗಿ ಬ್ಯಾಟರಿ ತನಕ ಎಳೆ. ಆಲ್ಟರ್ನೇಟರ್‌ನ ಬಿ ಪ್ಲಸ್ (ಕರೆಂಟ್ ಹೊರಗೆ ಬರುವ ಟರ್ಮಿನಲ್)‌ನಿಂದ ಬ್ಯಾಟರಿ ಪ್ಲಸ್‌ಗೆ ಇರುವ ವೈರ್ ಜೊತೆಗೆ ಇನ್ನೊಂದು ದಪ್ಪದ್ದು ಕೊಡು, ಅದಕ್ಕೂ ಫ್ಯೂಸ್ ಇರಲಿ. ಎಂಜಿನ್‌ನಿಂದ ಚಾಸಿಗೆ ಒಂದು, ಬ್ಯಾಟರಿ ಮೈನಸ್‌ನಿಂದ ಚಾಸಿಗೆ ಒಂದು ಹೊಸ ಅರ್ಥ್. ಬೋಲ್ಟ್ ಜಾಗ ಬೆಳ್ಳಗಾಗುವ ತನಕ ಎಮರಿ ಪೇಪರ್ ಹಾಕಿ ಉಜ್ಜು, ಬಿಗಿದ ಮೇಲೆ ಗ್ರೀಸ್ ಸವರು. ಲಗ್ ಅನ್ನು ಕಟಿಂಗ್ ಪ್ಲೇಯರ್‌ನಿಂದ ಚಪ್ಪಟೆ ಮಾಡುವುದಲ್ಲ, ಕ್ರಿಂಪಿಂಗ್ ಟೂಲ್ ಇರುವವರ ಹತ್ತಿರ ಒತ್ತಿಸು.

ಪ್ಲಸ್ ವೈರ್‌ಗೆ ಬ್ಯಾಟರಿ ಹತ್ತಿರ ಫ್ಯೂಸ್ ಇದೆಯಾ? ಒಂದೂವರೆ ಅಡಿ ಒಳಗೆ ಇರಬೇಕು. ಆಂಪ್ಲಿಯ ಮೈಮೇಲೆ ಇರುವ ಫ್ಯೂಸ್ ಆಂಪ್ಲಿಗೆ. ಬ್ಯಾಟರಿ ಹತ್ತಿರದ್ದು ವೈರ್‌ಗೆ. ಡ್ಯಾಶ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದೆ ತೂರಿಸಿದ್ದರೆ, ವೈರ್ ಅಲುಗಾಡಿ ಅಲುಗಾಡಿ ತೊಗಟೆ ಹರಿದು ತಗಡಿಗೆ ತಾಗಿದ ದಿನ ಗಾಡಿಯೇ ಹೋಗುತ್ತದೆ.

ಘಟ್ಟದಾರಿ, ಸಕಲೇಶಪುರ

ಮಧ್ಯೆ ನುಗ್ಗಿದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ಗೋಳು ಆದರೆ ಗಾಡಿ 2021ರದ್ದು, ಪೆಟ್ರೋಲ್, ಬಿಎಸ್6. ಹೈವೇಯಲ್ಲಿ ಆರಾಮಾಗಿ ಹೋಗುವಾಗಲೇ ವೋಲ್ಟ್ 12.8ಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿದರೆ 14 ಮೇಲೆ ಹೋಗುತ್ತದೆ. ಆಲ್ಟರ್ನೇಟರ್ ಕೆಟ್ಟಿದೆಯಾ?

ಲೆಕ್ಕದ ಮೇಷ್ಟ್ರು, ಮೈಸೂರು

ಕೆಟ್ಟಿಲ್ಲ. ಅದು ಇರುವುದೇ ಹಾಗೆ. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡಬೇಕು ಅಂತ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೇಳುತ್ತದೆ. ಬ್ಯಾಟರಿ ತುಂಬಿದ್ದರೆ ಎಂಜಿನ್ ಮೇಲಿನ ಹೊರೆ ಇಳಿಸಲು ವೋಲ್ಟ್ ತಗ್ಗಿಸುತ್ತದೆ. ಬ್ರೇಕ್ ಹಿಡಿದಾಗ, ಆಕ್ಸಿಲರೇಟರ್ ಬಿಟ್ಟಾಗ ಗಾಡಿಯ ವೇಗ ಹೇಗೂ ಪುಕ್ಕಟೆ ಸಿಗುತ್ತದಲ್ಲ, ಆಗ ಜೋರಾಗಿ ಚಾರ್ಜ್ ಮಾಡುತ್ತದೆ. ಬ್ಯಾಟರಿ ಮೈನಸ್ ಟರ್ಮಿನಲ್ ಮೇಲೆ ಒಂದು ಸಣ್ಣ ಡಬ್ಬಿ ಇದ್ದರೆ ಅದು ಕರೆಂಟ್ ಸೆನ್ಸರ್. ಆಂಪ್ಲಿಯ ಅರ್ಥ್ ನೇರ ಟರ್ಮಿನಲ್‌ಗೆ ಕೊಡಬೇಡಿ, ಬಾಡಿಗೆ ಕೊಡಿ. ಇಲ್ಲದಿದ್ದರೆ ಆಂಪ್ಲಿ ತಿಂದದ್ದು ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ. ಮೇಲೆ ಕಾಕಾ ಸುಮೋಗೆ ಹೇಳಿದ್ದಕ್ಕೆ ಇದು ಉಲ್ಟಾ, ಗೊಂದಲ ಮಾಡಿಕೊಳ್ಳಬೇಡಿ.

ನಿಮ್ಮದು ಮೈಲ್ಡ್ ಹೈಬ್ರಿಡ್ ಆಗಿದ್ದರೆ, ಉದಾಹರಣೆಗೆ ಮಾರುತಿಯ ಎಸ್‌ಎಚ್‌ವಿಎಸ್, ಅಲ್ಲಿ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಎರಡೂ ಕೆಲಸ ಒಂದೇ ಯಂತ್ರ ಮಾಡುತ್ತದೆ. ಅದಕ್ಕೆ ಕೈ ಹಾಕುವ ಮಾತೇ ಇಲ್ಲ. ವಾರಂಟಿ ಇದ್ದರೆ ಆಂಪ್ಲಿ ಸಣ್ಣದು ತಗೊಂಡು ಸ್ಪೀಕರ್ ಒಳ್ಳೆಯದು ಹಾಕಿಸಿ.

ಡಲ್ಲಾಸ್ ದಾವಣಗೆರೆ

ಇಲ್ಲಿ ಟೆಕ್ಸಾಸ್‌ನಲ್ಲಿ ಇದೊಂದು ದೊಡ್ಡ ಹುಚ್ಚು. ಮೆಕ್‌ಮ್ಯಾನ್, ಸಿಂಗರ್ ತರದ ಕಂಪನಿಗಳು ಗಾಡಿ ಮಾಡೆಲ್ ಹೇಳಿದರೆ ಅದಕ್ಕೆ ಸರಿಯಾಗಿ ಕೂರುವ 250, 300 ಆಂಪಿಯರ್‌ನ ಆಲ್ಟರ್ನೇಟರ್ ಕೊಡುತ್ತವೆ, ಐಡಲ್‌ನಲ್ಲಿ ಎಷ್ಟು, ಓಡುವಾಗ ಎಷ್ಟು ಅಂತ ಎರಡೂ ಬರೆದಿರುತ್ತಾರೆ. ನನ್ನ ಪಿಕಪ್‌ಗೆ ಒಂದು ಹಾಕಿಸಿದ್ದೇನೆ. ಜನ ಮರೆಯುವ ಒಂದು ವಿಷಯ ಬೆಲ್ಟ್. 250 ಆಂಪಿಯರ್, 14 ವೋಲ್ಟ್ ಅಂದರೆ 3500 ವಾಟ್. ಆಲ್ಟರ್ನೇಟರ್‌ನಲ್ಲಿ ನೂರಕ್ಕೆ 40 ಬರೀ ಬಿಸಿಯಾಗಿ ಹೋಗುತ್ತದೆ ಅಂದುಕೊಂಡರೆ ಎಂಜಿನ್‌ನಿಂದ 7–8 ಎಚ್‌ಪಿ ಎಳೆಯಬೇಕು. ನನ್ನ ದೊಡ್ಡ ಎಂಜಿನ್, ಅಗಲ ಬೆಲ್ಟ್ ಇರುವ ಗಾಡಿಗೆ ಪರವಾಗಿಲ್ಲ. ಸುಮೋದ ಒಂದು ವಿ ಬೆಲ್ಟ್ ಅದನ್ನು ತಡೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮೊದಲು ಕೀರಲು ಶುರು ಮಾಡುತ್ತದೆ, ಆಮೇಲೆ ಸುಟ್ಟ ರಬ್ಬರ್ ವಾಸನೆ.

ಬೇಸ್‌ಹುಚ್ಚ, ತುಮಕೂರು

ಸಣ್ಣ ಪುಲ್ಲಿ ಹಾಕಿದರೆ ಐಡಲ್‌ನಲ್ಲೇ ಆಲ್ಟರ್ನೇಟರ್ ಜೋರಾಗಿ ತಿರುಗುತ್ತದಲ್ವಾ? ಡೀಸೆಲ್ ಹೇಗೂ 4500 ದಾಟುವುದಿಲ್ಲ. ಅದು ಆಗಲ್ವಾ ಕಾಕಾ?

ಕಟೌಟ್ ಕಾಕಾ, ಹುಬ್ಬಳ್ಳಿ

ಬೇರೆ ಗಾಡಿಗೆ ಆಗುತ್ತದೆ. ಇಲ್ಲಿ ಅದೇ ಶಾಫ್ಟಿಗೆ ಪಂಪ್ ಇದೆ, ಅದೂ ಜೋರಾಗಿ ತಿರುಗುತ್ತದೆ, ರೆಕ್ಕೆ ಬೇಗ ಸವೆಯುತ್ತದೆ. ಮೇಲಾಗಿ ಪುಲ್ಲಿ ಸಣ್ಣದಾದರೆ ಬೆಲ್ಟ್ ಸುತ್ತಿಕೊಳ್ಳುವ ಜಾಗವೂ ಕಡಿಮೆ, ಜಾರುತ್ತದೆ. ಬ್ರೇಕ್ ಜೊತೆ ಜೂಜು ಬೇಡ.

ತಮ್ಮನ ಗಾಡಿಗೆ ಐಡಲ್ ಸ್ಕ್ರೂ ಇದೆ. ಡೀಸೆಲ್ ಪಂಪ್ ಮೆಕ್ಯಾನಿಕ್ ಹತ್ತಿರ ಹೋಗಿ 750 ಇದ್ದದ್ದನ್ನು 850–900 ಮಾಡಿಸು, ನೀನೇ ತಿರುಗಿಸಬೇಡ. ಆಲ್ಟರ್ನೇಟರ್ ಬಿಚ್ಚಿ ಕಾರ್ಬನ್ (ಬ್ರಷ್), ಬೇರಿಂಗ್ ಹೊಸದು ಹಾಕಿಸು, ಕಾರ್ಬನ್ ಉಜ್ಜುವ ಸ್ಲಿಪ್ ರಿಂಗ್ ಸವೆದಿದೆಯಾ ನೋಡಿಸು. ಇಷ್ಟು ವರ್ಷದಲ್ಲಿ ಕಾರ್ಬನ್ ಉಗುರಿನಷ್ಟು ಉಳಿದಿರುತ್ತದೆ. ಪಂಪಿನ ಸೀಲ್‌ನಿಂದ ಆಯಿಲ್ ಒಳಗೆ ಸೋರಿ ಕಾರ್ಬನ್ ನೆನೆದಿದ್ದರೆ ಚಾರ್ಜಿಂಗ್ ಅರ್ಧಕ್ಕರ್ಧ ಬೀಳುತ್ತದೆ. ಇದು ಸುಮೋಗಳಲ್ಲಿ ನಾನು ಕಾಣುವ ಮಾಮೂಲಿ ಕಾಯಿಲೆ. ಇಷ್ಟಾದ ಮೇಲೂ ಸಾಲದಿದ್ದರೆ, ಇದೇ ಎಂಜಿನ್‌ಗೆ, ಇದೇ ಪಂಪ್ ಸಮೇತ, ಜಾಸ್ತಿ ಆಂಪಿಯರ್‌ನ ಯೂನಿಟ್ ಸಿಗುತ್ತದಾ ಅಂತ ಲ್ಯೂಕಾಸ್ ಟಿವಿಎಸ್, ಬಾಷ್ ಡೀಲರ್‌ಗಳ ಹತ್ತಿರ ವಿಚಾರಿಸು. ಸಿಕ್ಕರೆ ಅದು. ಸಿಗದಿದ್ದರೆ ವಾಲ್ಯೂಮ್ ಎರಡು ಕಡ್ಡಿ ಇಳಿಸು.

ಅಳೆಯುವಾಗ ಎಂಜಿನ್ ಬಿಸಿ ಆಗಲಿ, ಅರ್ಧ ಗಂಟೆ ಓಡಿಸಿ ಆಮೇಲೆ ಅಳೆ. ತಣ್ಣಗಿದ್ದಾಗ ಎಲ್ಲ ಆಲ್ಟರ್ನೇಟರೂ ಪೈಲ್ವಾನ. ಕ್ಲಾಂಪ್ ಮೀಟರ್ ತರುವುದಾದರೆ ಡಿಸಿ ಕರೆಂಟ್ (ಬ್ಯಾಟರಿಯ ಬಗೆ) ಅಳೆಯುವುದು ತಾ. ಮನೆ ವೈರಿಂಗ್‌ನವರ ಹತ್ತಿರ ಇರುವುದು ಬಹಳಷ್ಟು ಬರೀ ಎಸಿ ಕರೆಂಟ್ (ಮನೆ ಲೈನಿನ ಬಗೆ) ಅಳೆಯುತ್ತದೆ, ಸೊನ್ನೆ ತೋರಿಸುತ್ತದೆ.

ಸುಮೋಸವಾರ

ಹದಿನೈದು ದಿನ ಆಯಿತು, ಎಲ್ಲರೂ ಮರೆತಿರಬಹುದು, ಆದರೂ ಬರೆಯುತ್ತಿದ್ದೇನೆ. ಅರ್ಥ್ ನಷ್ಟ ಮೇಷ್ಟ್ರು ಹೇಳಿದ ಹಾಗೆ ಅಳೆದಾಗ ಸರಿಯಾಗಿ 1.1 ಬಂತು, ನಾನು ಎರಡು ಸಲ ಅಳೆದೆ ನಂಬಿಕೆ ಬರದೆ. ಮೈನಸ್‌ಗೆ 35 ಚದರ ಮಿಲಿಮೀಟರ್‌ನ ವೆಲ್ಡಿಂಗ್ ಕೇಬಲ್ ಹಾಕಿದೆ, ಶುದ್ಧ ತಾಮ್ರ, ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಕ್ಕಿತು. ಚಾಸಿ ಅರ್ಥ್, ಎಂಜಿನ್ ಅರ್ಥ್ ಹೊಸದು. ಬಾಡಿಯ ಹಳೆ ಪಟ್ಟಿ ಕೈಯಲ್ಲಿ ಹಿಡಿದರೆ ಪುಡಿಪುಡಿ ಆಯಿತು. ಪ್ಲಸ್ ವೈರ್‌ಗೆ ಬ್ಯಾಟರಿ ಹತ್ತಿರ ಫ್ಯೂಸ್ ಇರಲೇ ಇಲ್ಲ ಕಾಕಾ, ಗ್ರಾಮೆಟ್ ಕೂಡ ಇರಲಿಲ್ಲ, ವೈರ್ ಮೇಲೆ ಆಗಲೇ ತಗಡಿನ ಗೀರು ಬಿದ್ದಿತ್ತು. ಅದನ್ನು ನೋಡಿ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎರಡೂ ಹಾಕಿಸಿದೆ. ಪ್ಲಸ್ ವೈರ್ ಸದ್ಯಕ್ಕೆ ಹಳೆಯದೇ, ಮುಂದಿನ ತಿಂಗಳು ಬದಲಿಸುತ್ತೇನೆ.

ಈಗ ಐಡಲ್, ಹಾಡು ಜೋರು: ಬ್ಯಾಟರಿ 13.0, ಆಂಪ್ಲಿ ಹತ್ತಿರ 12.3. ಆಲ್ಟರ್ನೇಟರ್ ಬಿಚ್ಚಿದಾಗ ಒಳಗೆ ಆಯಿಲ್ ಇತ್ತು, ಕಾರ್ಬನ್ ಕಪ್ಪು ಕೆಸರಿನ ಹಾಗೆ. ಸೀಲ್, ಕಾರ್ಬನ್, ಬೇರಿಂಗ್ ಬದಲಾಯಿಸಿ ಐಡಲ್ 850 ಮಾಡಿಸಿದೆ. ಎಸಿ, ಹೆಡ್‌ಲೈಟ್ ಎಲ್ಲ ಹಾಕಿ ಅರ್ಧ ಗಂಟೆ ಬಿಸಿ ಆದ ಮೇಲೆ ಬ್ಯಾಟರಿ 12.9. ಮೊದಲು 12.2 ಇತ್ತು. ಆಂಪ್ಲಿ ಬಂದ್ ಆಗುವುದು ನಿಂತಿದೆ. ಲೈಟ್ ಇನ್ನೂ ಒಂಚೂರು ಅಲುಗಾಡುತ್ತದೆ, ಗಮನ ಇಟ್ಟು ನೋಡಿದರೆ ಮಾತ್ರ. ಲಾರಿಯವರು ಯಾರೂ ವಾಪಸ್ ಡಿಪ್ಪರ್ ಹೊಡೆದಿಲ್ಲ.

ಪಂಪ್ ಸಮೇತ ದೊಡ್ಡ ಆಲ್ಟರ್ನೇಟರ್ ದಾವಣಗೆರೆಯಲ್ಲಿ ಒಬ್ಬ ಡೀಲರ್ ಹತ್ತಿರ ಕೇಳಿದ್ದೇನೆ, ನೋಡಿ ಹೇಳುತ್ತೇನೆ ಅಂದಿದ್ದಾರೆ. ಈಗ ಅರ್ಜೆಂಟ್ ಇಲ್ಲ. ಕೆಪಾಸಿಟರ್ ತೆಗೆದಿಲ್ಲ, ವೋಲ್ಟ್ ಮೀಟರ್ ಅಂತ ಇಟ್ಟುಕೊಂಡಿದ್ದೇನೆ.

ಕಟೌಟ್ ಕಾಕಾ, ಹುಬ್ಬಳ್ಳಿ

ಸೀಲ್ ಹೊಸದು ಹಾಕಿದ್ದೀ ಅಂದರೆ ಒಂದು ವಾರ ಬಿಟ್ಟು ಡಿಪ್ ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡು, ಪೈಪಿನ ಜಾಯಿಂಟಿಗೂ ಕೈ ಹಚ್ಚಿ ನೋಡು. ಒದ್ದೆ ಇದ್ದರೆ ವಾಷರ್ ಬದಲಿಸಿಲ್ಲ ಅಂತ ಅರ್ಥ, ವಾಪಸ್ ಹೋಗು.